ಏದುಸಿರಿನ ಹೊತ್ತಿನಲ್ಲಿ ನೋಟ

ವ್ಯಾಯಾಮ ಮಾಡಿದರೆ ಕಣ್ಣು ಚುರುಕಾಗುತ್ತದೆಯೇ, ಮಂಕಾಗುತ್ತದೆಯೇ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಗುಂಪುಗಳಿವೆ. ಬೆಳಗ್ಗೆ ಒಂದು ಸುತ್ತು ಬಿರುಸಾಗಿ ನಡೆದು ಬಂದರೆ ಎದುರಿನ ಲೋಕವೆಲ್ಲ ತೊಳೆದಿಟ್ಟಂತೆ ನಿಚ್ಚಳವಾಗಿ ಕಾಣುತ್ತದೆ ಎನ್ನುವವರು ಒಂದು ಕಡೆ. ಮೈ ಮುರಿಯುವಷ್ಟು ದಣಿದ ಮೇಲೆ ಕಣ್ಣು ನಿಂತಲ್ಲಿ ನಿಲ್ಲುವುದಿಲ್ಲ, ಎದುರಿಗೆ ಬಂದದ್ದು ತಡವಾಗಿ ಗಮನಕ್ಕೆ ಬರುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಅನುಭವ ನಿಜ. ಅವು ಒಂದಕ್ಕೊಂದು ವಿರುದ್ಧವೆಂದು ತೋರುವುದು ‘ನೋಡುವುದು’ ಒಂದೇ ಕೆಲಸ ಎಂದು ನಾವು ಭಾವಿಸಿರುವುದರಿಂದ. ನೋಡುವುದರಲ್ಲಿ ಕನಿಷ್ಠ ಎರಡು ಕೆಲಸಗಳಿವೆ: ಕಣ್ಣಿಗೆ ಬಿದ್ದದ್ದನ್ನು ಗ್ರಹಿಸುವುದು ಒಂದು, ಕಣ್ಣನ್ನು ಎಲ್ಲಿಗೆ ಹರಿಸಬೇಕೆಂದು ತೀರ್ಮಾನಿಸಿ ಹರಿಸುವುದು ಇನ್ನೊಂದು. ಕಳೆದ ಎರಡು ದಶಕಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವ ಚಿತ್ರ ಹೀಗಿದೆ. ಹದವಾದ ಶ್ರಮ ಗ್ರಹಿಕೆಯನ್ನು ಚುರುಕುಗೊಳಿಸುತ್ತದೆ. ಅತಿಯಾದ ಶ್ರಮದಲ್ಲೂ ಗ್ರಹಿಕೆ ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಮೊದಲು ಸಡಿಲಗೊಳ್ಳುವುದು ನೋಟವನ್ನು ನಡೆಸುವ ಕೆಲಸ. ಈ ವ್ಯತ್ಯಾಸವನ್ನು ತಿಳಿದುಕೊಂಡರೆ ಆಟದ ಮೈದಾನದಲ್ಲೂ ರಸ್ತೆಯಲ್ಲೂ ನಾವು ಕಡೆಗಣಿಸುತ್ತಿರುವ ಒಂದು ಅಪಾಯ ಸ್ಪಷ್ಟವಾಗುತ್ತದೆ.

ನೋಟವನ್ನು ನಡೆಸುವುದೆಂದರೆ ಏನು? ನಮ್ಮ ಅಕ್ಷಿಪಟಲದ ನಡುವೆ ಒಂದು ಪುಟ್ಟ ಕುಳಿ ಇದೆ. ತೀಕ್ಷ್ಣವಾಗಿ ಕಾಣುವುದು ಅದರಿಂದ ಮಾತ್ರ. ಕೈಯನ್ನು ನೀಳವಾಗಿ ಚಾಚಿದಾಗ ಹೆಬ್ಬೆರಳಿನ ಉಗುರು ಎಷ್ಟು ಜಾಗ ಮರೆಮಾಡುತ್ತದೆಯೋ ಸುಮಾರು ಅಷ್ಟು ಜಾಗವಷ್ಟೇ ಒಂದು ಗಳಿಗೆಯಲ್ಲಿ ನಮಗೆ ಸ್ಫುಟವಾಗಿ ಕಾಣುವುದು. ಉಳಿದದ್ದೆಲ್ಲ ಮಸುಕು. ಆದರೂ ಇಡೀ ಬೀದಿ ಸ್ಪಷ್ಟವಾಗಿ ಕಾಣುತ್ತಿದೆ ಎಂಬ ಭಾವನೆ ನಮಗಿರುವುದಕ್ಕೆ ಕಾರಣ, ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಗೆಯುತ್ತಲೇ ಇರುತ್ತದೆ. ವಿಜ್ಞಾನಿಗಳು ಈ ನೆಗೆತಗಳನ್ನು ಸ್ಯಾಕೇಡ್ ಎನ್ನುತ್ತಾರೆ. ಮನುಷ್ಯನ ದೇಹ ಮಾಡಬಲ್ಲ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು; ದೊಡ್ಡ ನೆಗೆತದಲ್ಲಿ ಕಣ್ಣುಗುಡ್ಡೆ ಸೆಕೆಂಡಿಗೆ 500 ಡಿಗ್ರಿಗೂ ಮೀರಿದ ವೇಗದಲ್ಲಿ ಹೊರಳುತ್ತದೆ. ನೆಗೆತ ನಡೆಯುತ್ತಿರುವಾಗ ಆಗುವ ಮಸುಕು ನಮಗೆ ಗೊತ್ತಾಗದಂತೆ ಮಿದುಳು ಆ ಕ್ಷಣದ ಗ್ರಹಿಕೆಯನ್ನು ತಗ್ಗಿಸುತ್ತದೆ. ಇನ್ನೊಂದು ಸಂಗತಿಯೂ ಇದೆ. ನೆಗೆತ ಶುರುವಾದ ಮೇಲೆ ಅದರ ವೇಗವನ್ನು ನಾವು ಬೇಕೆಂದು ಹೆಚ್ಚಿಸಲಾರೆವು. ಹಣೆಯ ಹಿಂದಿನ ಮಿದುಳು ಭಾಗಗಳು ಗುರಿಯನ್ನು ಆರಿಸುತ್ತವೆ, ಮಿದುಳ ಕಾಂಡದ ನರಕೋಶಗಳು ಒಮ್ಮೆಲೇ ಸಿಡಿದು ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತವೆ. ಹಾಗಾಗಿ ನೆಗೆತದ ವೇಗ ಆ ಆಜ್ಞೆಯ ಬಲವನ್ನು ಹೊರಗಿನಿಂದ ಅಳೆಯಲು ಸಿಗುವ ಒಳ್ಳೆಯ ಅಳತೆಗೋಲು. ಮನಸ್ಸಿನ ಹಟದಿಂದ ಅದನ್ನು ಮುಚ್ಚಿಡಲು ಬರುವುದಿಲ್ಲ.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಷಾರ್ಲಟ್ ಕಾನೆಲ್, ನಿಕೊಲಸ್ ಗ್ಯಾಂಟ್ ಮತ್ತು ಸಂಗಡಿಗರು ಹಿಡಿದದ್ದು ಇದೇ ಅಳತೆಗೋಲನ್ನು. 2016ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಪಾಲ್ಗೊಂಡವರು 11 ಮಂದಿ ಸೈಕಲ್ ಸವಾರರು. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಅವರು 180 ನಿಮಿಷ ತುಳಿದರು. ಪ್ರತಿಯೊಬ್ಬರೂ ಬೇರೆ ಬೇರೆ ದಿನ ಎರಡು ಸಲ ಈ ಪರೀಕ್ಷೆಗೆ ಒಳಗಾದರು. ಒಂದು ಸಲ ಕೆಫೀನ್ ಬೆರೆಸಿದ ಪಾನೀಯ, ಇನ್ನೊಂದು ಸಲ ಕೆಫೀನ್ ಇಲ್ಲದ ಪಾನೀಯ. ಯಾವಾಗ ಯಾವುದು ಎಂಬುದು ಕುಡಿದವರಿಗೂ ಗೊತ್ತಿಲ್ಲ, ಅಳೆದವರಿಗೂ ಗೊತ್ತಿಲ್ಲ. ಕಣ್ಣಿನ ಚಲನೆಯನ್ನು ಅವಗೆಂಪು ಕಿರಣದ ಉಪಕರಣದಿಂದ ದಾಖಲಿಸಿಕೊಂಡರು. ಕೆಫೀನ್ ಇಲ್ಲದ ದಿನ, ಮೂರು ತಾಸಿನ ತುಳಿತದ ಬಳಿಕ ಕಣ್ಣಿನ ನೆಗೆತದ ವೇಗ 8% ಇಳಿದಿತ್ತು. ಕೆಫೀನ್ ಕೊಟ್ಟ ದಿನ ಆ ಇಳಿತ ಕಾಣಲಿಲ್ಲ, ವೇಗ 11% ಏರಿತು. ಇಲ್ಲಿ ಯೋಚಿಸಬೇಕಾದ ವಿಷಯವಿದೆ. ತುಳಿದದ್ದು ಕಾಲು, ನಿಧಾನವಾದದ್ದು ಕಣ್ಣು. ಕಣ್ಣುಗುಡ್ಡೆಯನ್ನು ಹೊರಳಿಸುವ ಆರು ಪುಟ್ಟ ಸ್ನಾಯುಗಳು ದೇಹದಲ್ಲೇ ಅತ್ಯಂತ ದಣಿವು ಸಹಿಸುವ ಸ್ನಾಯುಗಳು, ಸೈಕಲ್ ತುಳಿಯುವುದರಲ್ಲಿ ಅವುಗಳ ಪಾಲು ಏನೂ ಇಲ್ಲ. ಅವೇ ಸೋತಿದ್ದರೆ ಕೆಫೀನ್ ಅವನ್ನು ಹೀಗೆ ಎತ್ತಿ ನಿಲ್ಲಿಸುತ್ತಿರಲಿಲ್ಲ. ಕೆಫೀನ್ ಕೆಲಸ ಮಾಡುವುದು ಮುಖ್ಯವಾಗಿ ಮಿದುಳಿನಲ್ಲಿ, ಎಚ್ಚರವನ್ನು ತಗ್ಗಿಸುವ ಅಡಿನೊಸಿನ್ ಎಂಬ ರಾಸಾಯನಿಕದ ಬಾಗಿಲುಗಳನ್ನು ಮುಚ್ಚುವ ಮೂಲಕ. ಆದ್ದರಿಂದ ದಣಿವು ಇದ್ದದ್ದು ಆಜ್ಞೆ ಹೊರಡುವ ಜಾಗದಲ್ಲಿ.

ಆ ಪ್ರಯೋಗದ ಇನ್ನೊಂದು ಫಲಿತಾಂಶ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನನ್ನ ವಾದಕ್ಕೆ ಅದೇ ಹೆಚ್ಚು ಮುಖ್ಯ. ಸವಾರರಿಗೆ ಕಣ್ಣಿನ ಚಲನೆಗೆ ಸಂಬಂಧವಿಲ್ಲದ ಒಂದು ಪರೀಕ್ಷೆಯನ್ನೂ ಕೊಟ್ಟಿದ್ದರು: ಪರದೆಯ ಮೇಲೆ ಚಲಿಸುವ ಚುಕ್ಕೆಗಳ ಗುಂಪು ಒಟ್ಟಾರೆ ಯಾವ ಕಡೆಗೆ ಹರಿಯುತ್ತಿದೆ ಎಂದು ಗುರುತಿಸುವುದು. ಇದು ಮಿದುಳಿನ ದೃಷ್ಟಿ ಭಾಗಗಳು ಚುಕ್ಕೆ ಚುಕ್ಕೆ ಸೇರಿಸಿ ಮಾಡಬೇಕಾದ ಸಾಕಷ್ಟು ಜಟಿಲವಾದ ಲೆಕ್ಕ. ಮೂರು ತಾಸಿನ ದಣಿವು ಇದನ್ನು ಅಲುಗಿಸಲೇ ಇಲ್ಲ. ಇದಕ್ಕೆ ಹೊಂದುವ ಸಾಕ್ಷ್ಯ ಬೇರೆ ಕಡೆಯೂ ಇದೆ. ಮಿನುಗುವ ದೀಪದ ಮಿನುಗು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಉರಿಯುತ್ತಲೇ ಇರುವ ದೀಪದಂತೆ ಕಾಣುತ್ತದೆ. ಆ ಹಂತ ಎಷ್ಟು ಮೇಲಿದೆಯೋ ಮಿದುಳಿನ ಗ್ರಹಿಕೆ ಅಷ್ಟು ಚುರುಕು ಎಂದು ಲೆಕ್ಕ. ಫ್ರಾನ್ಸಿನ ಕರೆನ್ ಡವ್ರಾಂಷ್ ಮತ್ತು ಪಿಷೋನ್ 2005ರಲ್ಲಿ ವರದಿ ಮಾಡಿದಂತೆ, ಪೂರ್ತಿ ಬಳಲುವವರೆಗೆ ವ್ಯಾಯಾಮ ಮಾಡಿಸಿದ ಮೇಲೆ ಈ ಹಂತ ಇಳಿಯಲಿಲ್ಲ, ಮೇಲೇರಿತು. ಎಂದರೆ ಬಸವಳಿದ ದೇಹದಲ್ಲೂ ಗ್ರಹಿಕೆಯ ಒಂದು ಮಗ್ಗುಲು ಇನ್ನಷ್ಟು ಹರಿತವಾಗಿತ್ತು. ಕತ್ತಲಲ್ಲಿ ತೋಟಕ್ಕೆ ಹೋದವನ ಕೈಯಲ್ಲಿರುವ ಟಾರ್ಚನ್ನು ಊಹಿಸಿಕೊಳ್ಳಿ. ಬಲ್ಬು ಎಂದಿನಂತೆ ಪ್ರಖರವಾಗಿಯೇ ಉರಿಯುತ್ತಿದೆ. ಆದರೆ ಹಿಡಿದ ಕೈ ಸೋತು, ಬೆಳಕು ಬೀಳಬೇಕಾದ ಕಡೆಗೆ ಬೀಳುವುದು ತಡವಾಗುತ್ತಿದೆ. ದೀರ್ಘ ಶ್ರಮದ ನಂತರದ ದೃಷ್ಟಿಯ ಸ್ಥಿತಿ ಹೆಚ್ಚುಕಡಿಮೆ ಇದೇ.

ಹಾಗಾದರೆ ಬೆಳಗಿನ ನಡಿಗೆಯಿಂದ ಲೋಕ ನಿಚ್ಚಳವಾಗುತ್ತದೆ ಎನ್ನುವವರ ಅನುಭವಕ್ಕೆ ಆಧಾರವೇನು? 2010ರಲ್ಲಿ ಕ್ಯಾಲಿಫೋರ್ನಿಯಾದ ಕ್ರಿಸ್ಟೋಫರ್ ನೀಲ್ ಮತ್ತು ಮೈಕೆಲ್ ಸ್ಟ್ರೈಕರ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಗಾಳಿಯ ಒತ್ತಡದ ಮೇಲೆ ತೇಲುವ ಚೆಂಡಿನ ಮೇಲೆ ಇಲಿಗಳು ಓಡುತ್ತವೆ, ತಲೆ ಮಾತ್ರ ಅಲುಗುವುದಿಲ್ಲ, ಎದುರಿನ ಪರದೆಯಲ್ಲಿ ಗೆರೆಗಳ ಚಿತ್ರ. ಇಲಿ ನಿಂತಿದ್ದಾಗ ಮತ್ತು ಓಡುತ್ತಿದ್ದಾಗ ಮಿದುಳಿನ ದೃಷ್ಟಿ ಭಾಗದ ನರಕೋಶಗಳು ಅದೇ ಚಿತ್ರಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ಅಳೆದರು. ಓಡುವಾಗ ಸ್ಪಂದನೆ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಯಾವ ಕೋಶ ಯಾವ ಕೋನದ ಗೆರೆಗೆ ಸ್ಪಂದಿಸುತ್ತದೆ ಎಂಬ ಆಯ್ಕೆಯಲ್ಲಿ ಬದಲಾವಣೆ ಇರಲಿಲ್ಲ, ದನಿ ಮಾತ್ರ ಏರಿತು. ಮನುಷ್ಯರಲ್ಲೂ ಹೀಗಾಗುತ್ತದೆಯೇ ಎಂದು ಸಾಂಟಾ ಬಾರ್ಬರಾದ ಟಾಮ್ ಬುಲಕ್, ಬ್ಯಾರಿ ಗೀಸ್‌ಬ್ರೆಕ್ಟ್ ಮತ್ತಿತರರು 18 ಮಂದಿಯನ್ನು ಸೈಕಲ್ ಮೇಲೆ ಕೂರಿಸಿ ಇಇಜಿಯಿಂದ ಮಿದುಳಿನ ಅಲೆಗಳನ್ನು ದಾಖಲಿಸಿದರು. ಸುಮ್ಮನೆ ಕೂತಾಗ, ಹಗುರವಾಗಿ ತುಳಿದಾಗ, ಬಿರುಸಾಗಿ ತುಳಿದಾಗ ಎಂದು ಮೂರು ಸ್ಥಿತಿ. ಗೆರೆಯ ಕೋನವನ್ನು ಮಿದುಳು ಎಷ್ಟು ಸ್ಫುಟವಾಗಿ ದಾಖಲಿಸುತ್ತದೆ ಎಂಬುದು ಹಗುರ ತುಳಿತದಲ್ಲಿ ಶಿಖರ ಮುಟ್ಟಿತು. ವಿರಾಮದಲ್ಲೂ ಬಿರುಸಿನಲ್ಲೂ ಅದಕ್ಕಿಂತ ಕೆಳಗಿತ್ತು. ಅಂದರೆ ಬೆಳಗಿನ ನಡಿಗೆಯವರ ಮಾತಿಗೆ ಆಧಾರವಿದೆ, ಆದರೆ ಆ ಲಾಭಕ್ಕೆ ಒಂದು ಹದವಿದೆ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ನೇರವಾಗಿ ಅಂಟಿಸಬಾರದು ಎಂಬುದಕ್ಕೂ ಸಾಕ್ಷ್ಯವಿದೆ. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ ಇತ್ತೀಚೆಗೆ ಇದೇ ಪರೀಕ್ಷೆ ನಡೆಸಿದಾಗ ಓಟದ ಪರಿಣಾಮ ಬಹಳ ಸಣ್ಣದಾಗಿತ್ತು. ತೀಕ್ಷ್ಣ ನೋಟಕ್ಕೆ ಮೀಸಲಾದ ಭಾಗದಲ್ಲಿ ಸ್ಪಂದನೆ ಸ್ವಲ್ಪ ತಗ್ಗಿಯೂ ಇತ್ತು.

ಹದ ಏಕೆ ಇದೆ ಎಂಬುದಕ್ಕೆ ಮಿದುಳಿನ ರಾಸಾಯನಿಕಗಳತ್ತ ನೋಡಬೇಕು. ಮಿದುಳ ಕಾಂಡದಲ್ಲಿ ಲೋಕಸ್ ಸೆರುಲಿಯಸ್ ಎಂಬ ಒಂದು ಸಣ್ಣ ಗಂಟು ಇದೆ. ಅದರಲ್ಲಿರುವುದು ಕೆಲವೇ ಹತ್ತು ಸಾವಿರ ನರಕೋಶಗಳು, ಆದರೆ ಅವುಗಳ ಎಳೆಗಳು ಮಿದುಳಿನ ಬಹುಪಾಲು ಕಡೆಗೆ ಹಬ್ಬಿವೆ. ದೇಹ ಶ್ರಮಕ್ಕೆ ಇಳಿದಾಗ ಇದು ನಾರ್‌ಅಡ್ರಿನಲಿನ್ ಸುರಿಸುತ್ತದೆ, ಪಾಪೆ ಹಿಗ್ಗುತ್ತದೆ, ಹೊರಗಿನಿಂದ ಬರುವ ಸಂಕೇತಗಳ ದನಿ ಏರುತ್ತದೆ. ಒಂದು ಮಟ್ಟದವರೆಗೆ ಇದರಿಂದ ಲಾಭ. ಮಟ್ಟ ಮೀರಿದರೆ ಬೇಕಾದ್ದರ ಜೊತೆ ಬೇಡವಾದದ್ದರ ದನಿಯೂ ಏರಿ, ಆಯ್ಕೆ ಮಾಡುವ ಕೆಲಸ ಕಷ್ಟವಾಗುತ್ತದೆ. ಶ್ರಮ ತಾಸುಗಟ್ಟಲೆ ಮುಂದುವರಿದರೆ ನಾರ್‌ಅಡ್ರಿನಲಿನ್, ಡೋಪಮೈನ್‌ಗಳ ಉತ್ಪಾದನೆ, ಬಳಕೆಗಳ ಸಮತೋಲವೇ ಏರುಪೇರಾಗುತ್ತದೆ ಎಂದು ದಣಿವಿನ ಅಧ್ಯಯನಕಾರರು ತರ್ಕಿಸುತ್ತಾರೆ. ಆಕ್ಲೆಂಡಿನ ಕೆಫೀನ್ ಫಲಿತಾಂಶ ಈ ತರ್ಕಕ್ಕೆ ಒದಗುವ ಬೆಂಬಲ. ಹದದ ಈ ಕಲ್ಪನೆ ಹೊಸದಲ್ಲ. 1908ರಲ್ಲೇ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳಿಗೆ ಕಪ್ಪು ಬಿಳಿ ಪೆಟ್ಟಿಗೆಗಳನ್ನು ಬೇರ್ಪಡಿಸಲು ಕಲಿಸಿದ್ದರು. ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಪ್ರಚೋದನೆ ಹೆಚ್ಚಿದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾದಾಗ ಮಾತ್ರ ಅತಿ ಪ್ರಚೋದನೆ ಅವುಗಳ ಕಲಿಕೆಯನ್ನು ಕೆಡಿಸಿತು. ನೂರು ವರ್ಷ ಹಿಂದಿನ ಆ ಪಾಠ ಕೂಡ ನೋಡುವುದಕ್ಕೆ ಸಂಬಂಧಿಸಿದ್ದೇ ಎಂಬುದನ್ನು ನಾವು ಮರೆತಿದ್ದೇವೆ.

ಇಲ್ಲಿ ಒಂದು ಸರಳ ವಿವರಣೆ ಎದುರಾಗುತ್ತದೆ. ಇಷ್ಟೆಲ್ಲ ರಾಸಾಯನಿಕಗಳ ಕಥೆ ಯಾಕೆ, ಜೋರು ವ್ಯಾಯಾಮ ಮಾಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೆ ಹೋಗುತ್ತದೆ, ಮಿದುಳಿಗೆ ಕೊರತೆ ಬೀಳುತ್ತದೆ, ಅಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯ ಇದೆ. ವ್ಯಾಯಾಮ ಹೆಚ್ಚುತ್ತ ಹೋದಂತೆ ಮಿದುಳಿಗೆ ಹರಿಯುವ ರಕ್ತ ಮೊದಲು ಹೆಚ್ಚುತ್ತದೆ. ನಮ್ಮ ಗರಿಷ್ಠ ಸಾಮರ್ಥ್ಯದ ಸುಮಾರು 60% ದಾಟಿದ ಮೇಲೆ ಏದುಸಿರು ಶುರುವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಆದರೆ ಎಲ್ಲ ನಾಳಗಳೂ ಒಂದೇ ಬಗೆಯಲ್ಲಿ ವರ್ತಿಸುವುದಿಲ್ಲ. 2011ರಲ್ಲಿ ಜಪಾನಿನ ಸಂಶೋಧಕರು ಕತ್ತಿನ ನಾಳಗಳನ್ನು ಬೇರೆ ಬೇರೆಯಾಗಿ ಅಳೆದರು. ತೀವ್ರ ವ್ಯಾಯಾಮದಲ್ಲಿ ಮಿದುಳಿನ ಮುಂಭಾಗಕ್ಕೆ ರಕ್ತ ಒಯ್ಯುವ ಒಳ ಕೆರೋಟಿಡ್ ನಾಳದಲ್ಲಿ ಹರಿವು ತಗ್ಗಿತು. ಬೆನ್ನುಮೂಳೆಯ ಬದಿಯಿಂದ ಏರಿ ಮಿದುಳಿನ ಹಿಂಭಾಗಕ್ಕೆ ಹೋಗುವ ವರ್ಟಿಬ್ರಲ್ ನಾಳದಲ್ಲಿ ಹರಿವು ಹೆಚ್ಚುತ್ತಲೇ ಹೋಯಿತು. ದೃಷ್ಟಿಯ ಮೂಲ ಸಂಸ್ಕರಣೆ ನಡೆಯುವುದು ಹಿಂಭಾಗದಲ್ಲಿ. ನೋಟದ ಗುರಿ ಆರಿಸುವ, ಗಮನವನ್ನು ಹಂಚುವ ಕೆಲಸದಲ್ಲಿ ದೊಡ್ಡ ಪಾಲು ಮುಂಭಾಗದ್ದು. ಆದ್ದರಿಂದ ರಕ್ತದ ವಾದವನ್ನು ಒಪ್ಪಿಕೊಂಡರೂ ಅದು ನನ್ನ ಮಾತನ್ನು ಅಲ್ಲಗಳೆಯುವುದಿಲ್ಲ. ಗ್ರಹಿಸುವ ಭಾಗಕ್ಕೆ ಪೂರೈಕೆ ಉಳಿದಿದೆ, ನಡೆಸುವ ಭಾಗಕ್ಕೆ ಬಿಗಿಯಾಗಿದೆ ಎಂಬುದನ್ನೇ ಅದೂ ಸೂಚಿಸುತ್ತದೆ.

ಗಮನವನ್ನು ಹಂಚುವ ಮಾತು ಬಂದದ್ದರಿಂದ ಜಪಾನಿನದೇ ಇನ್ನೊಂದು ಕೆಲಸವನ್ನು ನೆನೆಯಬೇಕು. ಸೋಯಿಚಿ ಆಂಡೊ ಮತ್ತು ಸಂಗಡಿಗರು 2005ರಲ್ಲಿ, ಸೈಕಲ್ ತುಳಿಯುತ್ತಿರುವವರ ನೋಟದ ಅಂಚಿನಲ್ಲಿ ಬೆಳಕು ಮೂಡಿಸಿ, ಅದಕ್ಕೆ ಎಷ್ಟು ಬೇಗ ಪ್ರತಿಕ್ರಿಯಿಸುತ್ತಾರೆ ಎಂದು ಅಳೆದರು. ಮಾತನಾಡಲೂ ಆಗದಷ್ಟು ಉಸಿರು ಏರುವ ಒಂದು ಹೊಸ್ತಿಲು ಪ್ರತಿಯೊಬ್ಬರಿಗೂ ಇರುತ್ತದೆ. ಆ ಹೊಸ್ತಿಲು ದಾಟಿದ ಮೇಲೆ ಅಂಚಿನ ಬೆಳಕಿಗೆ ಪ್ರತಿಕ್ರಿಯೆ ನಿಧಾನವಾಯಿತು. ರಸ್ತೆಯಲ್ಲಾಗಲಿ ಮೈದಾನದಲ್ಲಾಗಲಿ ಅಪಾಯ ಬರುವುದು ಹೆಚ್ಚಾಗಿ ಅಂಚಿನಿಂದಲೇ. ಅಡ್ಡರಸ್ತೆಯಿಂದ ನುಗ್ಗುವ ಗಾಡಿ, ಪಕ್ಕದಿಂದ ಮೇಲೆ ಬೀಳುವ ಎದುರಾಳಿ ಮೊದಲು ಕಾಣಿಸಿಕೊಳ್ಳುವುದು ಮಸುಕಿನ ಅಂಚಿನಲ್ಲಿ. ಅಲ್ಲಿಂದ ಸುಳಿವು ಸಿಕ್ಕ ಮೇಲೆಯೇ ಕಣ್ಣು ಅತ್ತ ನೆಗೆಯುವುದು. ಅಂಚಿನ ಸುಳಿವು ತಡವಾಗಿ, ನೆಗೆತವೂ ನಿಧಾನವಾದರೆ ಎರಡು ತಡಗಳೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಜೋರಾಗಿ ಓಡಿ ಥಟ್ಟನೆ ನಿಂತಾಗ ಕಣ್ಣಿಗೆ ಕತ್ತಲೆ ಕವಿಯುವುದು ಈ ಕಥೆಗೆ ಸೇರಿದ್ದಲ್ಲ. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಒಮ್ಮೆಲೇ ನಿಂತರೆ ಆ ಒತ್ತುವಿಕೆ ನಿಂತು ರಕ್ತದೊತ್ತಡ ಕುಸಿಯುತ್ತದೆ. ಕಣ್ಣಿನ ಒಳಗೆ ಅದರದೇ ಒತ್ತಡ ಇರುವುದರಿಂದ ರಕ್ತದ ಕೊರತೆ ಅಕ್ಷಿಪಟಲಕ್ಕೆ ಬೇಗ ತಟ್ಟುತ್ತದೆ. ಓಟ ಮುಗಿಸಿದ ಮೇಲೆ ಕೆಲವು ನಿಮಿಷ ನಿಧಾನವಾಗಿ ನಡೆಯಬೇಕು ಎನ್ನುವುದು ಇದಕ್ಕಾಗಿಯೇ. ಹಾಗೆ ನಡೆದರೂ ಮತ್ತೆ ಮತ್ತೆ ಕತ್ತಲೆ ಕವಿದರೆ, ಒಂದೇ ಕಣ್ಣಿನ ದೃಷ್ಟಿ ಹೋದಂತಾದರೆ, ಎದೆ ನೋವು ಜೊತೆಗಿದ್ದರೆ ವೈದ್ಯರನ್ನು ಕಾಣಲೇಬೇಕು.

ಈಗ ಗಟ್ಟಿ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, 8% ಎಂಬುದು ಎಷ್ಟರ ಮಾತು? ಒಂದು ಸಾಧಾರಣ ನೆಗೆತ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಹೊತ್ತು ನಡೆಯುತ್ತದೆ. ಅದರ 8% ಎಂದರೆ ಕೆಲವೇ ಮಿಲಿಸೆಕೆಂಡು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆ ಕೆಲವು ಮಿಲಿಸೆಕೆಂಡಿನಿಂದ ಯಾರ ಕ್ಯಾಚೂ ಬಿಟ್ಟುಹೋಗುವುದಿಲ್ಲ, ಯಾರ ಗಾಡಿಯೂ ಗುದ್ದುವುದಿಲ್ಲ. ಆದರೆ ಆ ಅಂಕಿಯ ಬೆಲೆ ಇರುವುದು ಕಳೆದುಹೋದ ಹೊತ್ತಿನಲ್ಲಲ್ಲ. ಜ್ವರ ಅಳೆಯುವಾಗ ಎರಡು ಡಿಗ್ರಿ ಏರಿದ್ದರೆ ಆ ಎರಡು ಡಿಗ್ರಿ ಶಾಖಕ್ಕೆ ನಾವು ಹೆದರುವುದಿಲ್ಲ, ಅದರ ಹಿಂದಿನ ಸೋಂಕಿಗೆ ಹೆದರುತ್ತೇವೆ. ಇಚ್ಛೆಯಿಂದ ಬದಲಿಸಲಾಗದ ಒಂದು ಚಲನೆ ನಿಧಾನವಾಗಿದೆ ಎಂದರೆ ಅದಕ್ಕೆ ಆಜ್ಞೆ ಕೊಡುವ ಜಾಲದ ಬಲ ಕುಗ್ಗಿದೆ ಎಂದರ್ಥ. ಅದೇ ಜಾಲದ ನೆರೆಯಲ್ಲಿ ಗುರಿ ಆರಿಸುವ, ತಪ್ಪು ಗುರಿಯತ್ತ ಹೋಗುವ ಕಣ್ಣನ್ನು ತಡೆಯುವ, ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಕೆಲಸಗಳೂ ನಡೆಯುತ್ತವೆ. ನಿದ್ದೆಗೆಟ್ಟಾಗಲೂ ಸ್ಯಾಕೇಡ್ ವೇಗ ಇಳಿಯುತ್ತದೆ ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ನಿದ್ದೆಗೆಟ್ಟವರು ಗಾಡಿ ಓಡಿಸಬಾರದು ಎಂದು ನಾವು ಒಪ್ಪಿದ್ದೇವೆ. ಅದೇ ಸೂಚನೆ ದೇಹದ ದಣಿವಿನಲ್ಲೂ ಕಾಣಿಸಿಕೊಂಡಾಗ ಅದನ್ನು ಸಣ್ಣದೆಂದು ತಳ್ಳಿಹಾಕುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಕ್ರೀಡಾಪ್ರೇಮಿಗಳದು. ದಿನವಿಡೀ ಬಿಸಿಲಲ್ಲಿ ನಿಂತು ಶತಕ ಹೊಡೆದ ಬ್ಯಾಟರ್ ಕೊನೆಯ ತಾಸಿನಲ್ಲೂ ಚೆಂಡನ್ನು ನಿಖರವಾಗಿ ಹೊಡೆಯುತ್ತಾನಲ್ಲ, ದಣಿವು ನೋಟವನ್ನು ಕೆಡಿಸುವುದಾದರೆ ಇದು ಹೇಗೆ ಸಾಧ್ಯ? ಉತ್ತರ ಇರುವುದು ಬ್ಯಾಟರ್ ಚೆಂಡನ್ನು ನೋಡುವ ಬಗೆಯಲ್ಲಿ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ 2000ದಲ್ಲಿ ಮೂರು ಬೇರೆ ಬೇರೆ ಮಟ್ಟದ ಬ್ಯಾಟರ್‌ಗಳ ಕಣ್ಣಿನ ಚಲನೆಯನ್ನು ಬೌಲಿಂಗ್ ಯಂತ್ರದ ಎದುರು ದಾಖಲಿಸಿದರು. ಯಾರೂ ಚೆಂಡಿನ ಮೇಲೆ ಉದ್ದಕ್ಕೂ ಕಣ್ಣಿಟ್ಟಿರಲಿಲ್ಲ. ಚೆಂಡು ಯಂತ್ರ ಬಿಡುವ ಕ್ಷಣವನ್ನು ನೋಡಿ, ಅದು ಪಿಚ್ ಆಗುವ ಜಾಗವನ್ನು ಅಂದಾಜಿಸಿ, ಚೆಂಡಿಗಿಂತ ಮುಂಚೆ ಕಣ್ಣು ಅಲ್ಲಿಗೆ ನೆಗೆದು ಕಾಯುತ್ತಿತ್ತು. ಒಳ್ಳೆಯ ಬ್ಯಾಟರ್‌ನನ್ನು ಸಾಧಾರಣ ಆಟಗಾರನಿಂದ ಬೇರ್ಪಡಿಸಿದ್ದು ಈ ಮೊದಲ ನೆಗೆತ ಎಷ್ಟು ಬೇಗ ಹೊರಡುತ್ತದೆ ಎಂಬುದು. 140 ಕಿಲೋಮೀಟರ್ ವೇಗದ ಎಸೆತ ಬ್ಯಾಟಿಗೆ ತಲುಪಲು ಅರ್ಧ ಸೆಕೆಂಡೂ ಬೇಕಾಗುವುದಿಲ್ಲ. ಅಷ್ಟರಲ್ಲಿ ಎಲ್ಲವನ್ನೂ ನೋಡಿ ತೀರ್ಮಾನಿಸಲು ಯಾರಿಂದಲೂ ಆಗದು, ಅನುಭವದ ಮುನ್ನಂದಾಜು ಬೇಕೇ ಬೇಕು. ಆದ್ದರಿಂದ ದಣಿದ ಬ್ಯಾಟರ್ ಆಡುತ್ತಿರುವುದು ದಣಿವು ಅವನನ್ನು ತಟ್ಟಿಲ್ಲ ಎಂಬ ಕಾರಣಕ್ಕಲ್ಲ. ವರ್ಷಗಳ ಅಭ್ಯಾಸ ಕಣ್ಣಿಗೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಹೇಳಿಕೊಟ್ಟಿದೆ. ಹೀಗೆ ಒದಗಿಬರುವ ಬಂಡವಾಳ ಇರುವುದು ಅವನು ಪಳಗಿದ ಆಟಕ್ಕೆ ಮಾತ್ರ. ಅದೇ ಬ್ಯಾಟರ್ ಆಟ ಮುಗಿಸಿ ಕಾರಿನ ಸ್ಟಿಯರಿಂಗ್ ಹಿಡಿದಾಗ, ಮುಂದೇನಾಗುವುದೆಂದು ಊಹಿಸಲಾಗದ ರಸ್ತೆಯಲ್ಲಿ, ಆ ಬಂಡವಾಳ ಪೂರ್ತಿ ಕೈಹಿಡಿಯುವುದಿಲ್ಲ.

ಮೂರನೆಯ ಆಕ್ಷೇಪ ವಿಜ್ಞಾನದ ಒಳಗಿನದು, ಹಾಗಾಗಿ ಹೆಚ್ಚು ತೂಕದ್ದು. ಹನ್ನೊಂದು ಜನ, ಹದಿನೆಂಟು ಜನ, ಅದೂ ಪ್ರಯೋಗಾಲಯದಲ್ಲಿ ನಿಂತ ಸೈಕಲ್ ಮೇಲೆ. ಇಷ್ಟರಿಂದ ಇಡೀ ಮನುಕುಲದ ಬಗ್ಗೆ ಮಾತನಾಡಬಹುದೇ? ಈ ಎಚ್ಚರ ಬೇಕು. 2015ರಲ್ಲಿ ಇಟಲಿಯ ಕ್ಲೌಡಿಯಾ ಲುಂಗಿ ಮತ್ತು ಅಲೆಸ್ಸಾಂಡ್ರೊ ಸಾಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಸೈಕಲ್ ತುಳಿದ ವಯಸ್ಕರಲ್ಲಿ ಎರಡು ಕಣ್ಣುಗಳ ನಡುವಿನ ಸಮತೋಲವನ್ನು ಮಿದುಳು ಹೆಚ್ಚು ಸುಲಭವಾಗಿ ಮರುಹೊಂದಿಸಿಕೊಳ್ಳುತ್ತದೆ ಎಂದು ವರದಿ ಮಾಡಿದಾಗ, ಸೋಮಾರಿ ಕಣ್ಣಿನ ಚಿಕಿತ್ಸೆಗೆ ಹೊಸ ದಾರಿ ಸಿಕ್ಕಿತೆಂಬ ಆಸೆ ಹುಟ್ಟಿತು. ನಂತರ ಕೆನಡಾದ ರಾಬರ್ಟ್ ಹೆಸ್ ಅವರ ತಂಡ ಅದನ್ನು ಮತ್ತೆ ಪರೀಕ್ಷಿಸಿದಾಗ ಆ ಪರಿಣಾಮ ಕಾಣಲಿಲ್ಲ. ವ್ಯಾಯಾಮದಿಂದ ದೃಷ್ಟಿ ‘ಸರಿಯಾಗುತ್ತದೆ’ ಎಂದು ಮಾರಾಟವಾಗುವ ಭರವಸೆಗಳನ್ನು ಅನುಮಾನದಿಂದ ನೋಡಲು ಇದೊಂದೇ ಉದಾಹರಣೆ ಸಾಕು. ಆದರೆ ನಾನು ಇಲ್ಲಿ ಮಂಡಿಸುತ್ತಿರುವುದು ಒಂದು ಪ್ರಯೋಗದ ಮೇಲೆ ನಿಂತ ಮಾತಲ್ಲ. ಕಣ್ಣಿನ ನೆಗೆತ, ಮಿನುಗಿನ ಮಿತಿ, ಅಂಚಿನ ಪ್ರತಿಕ್ರಿಯೆ, ಮಿದುಳಿನ ಅಲೆ, ಕತ್ತಿನ ರಕ್ತನಾಳ ಇವೆಲ್ಲ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಗೆ, ಬೇರೆ ಬೇರೆ ಉಪಕರಣಗಳಿಂದ ಅಳೆದವು. ಒಂದೊಂದೂ ಚಿಕ್ಕದೇ. ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಆ ದಿಕ್ಕಿನಲ್ಲಿ ತಾತ್ಕಾಲಿಕವಾಗಿಯಾದರೂ ಹೆಜ್ಜೆ ಇಡುವುದು ವಿವೇಕ. ಮುಂದೆ ದೊಡ್ಡ ಅಧ್ಯಯನಗಳು ಬಂದು ಈ ಚಿತ್ರವನ್ನು ತಿದ್ದಿದರೆ ತಿದ್ದಿಕೊಳ್ಳಬೇಕು.

ಹಾಗಾದರೆ ಕಾಫಿ ಕುಡಿದರೆ ಸಾಕಲ್ಲವೇ ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಬರದಿದ್ದೀತೇ? ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳನ್ನು ಒಳಗೊಂಡ ನಮ್ಮ ರಾಜ್ಯವೇ. ಆಕ್ಲೆಂಡಿನ ಪ್ರಯೋಗದಲ್ಲಿ ಕೊಟ್ಟ ಕೆಫೀನ್ ಸುಮಾರು ಎರಡು ಕಪ್ ಕಾಫಿಯಷ್ಟು, ಅಸಾಧ್ಯ ಪ್ರಮಾಣವೇನಲ್ಲ. ಆದರೂ ಇದನ್ನು ಔಷಧಿಯಂತೆ ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಕೆಫೀನ್ ಎಚ್ಚರದ ಬಾಗಿಲನ್ನು ತೆರೆದಿಡುತ್ತದೆ, ಖರ್ಚಾದ ಶಕ್ತಿಯನ್ನು ಮರಳಿ ತುಂಬುವುದಿಲ್ಲ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ಸಂಜೆಯ ಆಟದ ನಂತರ ಎರಡು ಕಪ್ ಕುಡಿದವರ ರಾತ್ರಿಯ ನಿದ್ದೆ ಕೆಟ್ಟರೆ, ಮರುದಿನ ಅದೇ ಕಣ್ಣಿನ ನೆಗೆತ ನಿದ್ದೆಗೇಡಿನಿಂದ ನಿಧಾನವಾಗುತ್ತದೆ. ಎದೆಬಡಿತದ ತೊಂದರೆ ಇರುವವರಿಗೆ ತೀವ್ರ ವ್ಯಾಯಾಮದ ಜೊತೆ ಹೆಚ್ಚಿನ ಕೆಫೀನ್ ಒಳ್ಳೆಯದೂ ಅಲ್ಲ. ಕಾಫಿಯ ಫಲಿತಾಂಶದ ನಿಜವಾದ ಬೆಲೆ ದಣಿವಿನ ನೆಲೆ ಎಲ್ಲಿದೆ ಎಂದು ತೋರಿಸಿಕೊಟ್ಟದ್ದರಲ್ಲಿದೆ. ದಣಿವಿಗೆ ಮದ್ದು ವಿಶ್ರಾಂತಿ, ನೀರು, ಊಟ, ನಿದ್ದೆಗಳೇ.

ಇಷ್ಟರಿಂದ ದಿನನಿತ್ಯದ ಬದುಕಿಗೆ ನಾನು ತೆಗೆಯುವ ತೀರ್ಮಾನಗಳು ಕೆಲವೇ. ವ್ಯಾಯಾಮ ಬಿಡಬೇಕೆಂಬುದು ಅವುಗಳಲ್ಲಿ ಇಲ್ಲ. ಹದವಾದ ಶ್ರಮ ಮಿದುಳಿಗೂ ಹೃದಯಕ್ಕೂ ಒಳ್ಳೆಯದೆಂಬ ಬಗ್ಗೆ ಸಂದೇಹವಿಲ್ಲ. ಆದರೆ ಉದ್ದದ ಓಟ ಮುಗಿಸಿದವರು, ಜಿಮ್ಮಿನಲ್ಲಿ ಮೈಯೆಲ್ಲ ಹಿಂಡಿಕೊಂಡವರು ಬೆವರು ಆರುವ ಮೊದಲೇ ಬೈಕ್ ಏರಿ ದಟ್ಟಣೆಯ ರಸ್ತೆಗೆ ಇಳಿಯಬಾರದು. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಏನಾದರೂ ತಿಂದು, ಉಸಿರು ಹದಕ್ಕೆ ಬಂದ ಮೇಲೆ ಹೊರಡಲಿ. ಪ್ರಯೋಗಾಲಯದ ಫಲಿತಾಂಶದಿಂದ ರಸ್ತೆಗೆ ನಾನು ಮಾಡುತ್ತಿರುವ ಊಹೆ ಇದು, ಆದರೆ ಈ ಎಚ್ಚರಕ್ಕೆ ತೆರಬೇಕಾದ ಬೆಲೆ ಕೆಲವು ನಿಮಿಷ ಮಾತ್ರ. ತರಬೇತುದಾರರು ಅಭ್ಯಾಸದ ಕೊನೆಯಲ್ಲಿ, ಆಟಗಾರರು ದಣಿದಾಗ, ಕ್ಯಾಚು ಬಿಟ್ಟವನನ್ನು ‘ಗಮನವಿಲ್ಲ’ ಎಂದು ಗದರುವ ಮುನ್ನ ಅದು ಮನಸ್ಸಿನ ಸೋಮಾರಿತನವಲ್ಲದೆ ದೇಹದ ದಣಿವೂ ಆಗಿರಬಹುದೆಂದು ನೆನೆಯಲಿ. ಫುಟ್ಬಾಲ್ ಪಂದ್ಯವೊಂದರಲ್ಲಿ ರೆಫರಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡುತ್ತಾರೆ, ಆಟಗಾರರಷ್ಟೇ ಎದೆಬಡಿತದಲ್ಲಿ. ಅವರ ಕೊನೆಯ ನಿಮಿಷಗಳ ತೀರ್ಪಿನ ಮೇಲೆ ಪಂದ್ಯವೇ ನಿಂತಿರುತ್ತದೆ. ಇವರೆಲ್ಲರ ದೃಷ್ಟಿಯನ್ನು ನಾವು ಪರೀಕ್ಷಿಸುವುದು ಹೇಗೆ? ವಿಶ್ರಾಂತಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ. ಆ ಪರೀಕ್ಷೆ ಅಳೆಯುವುದು ಗ್ರಹಿಕೆಯ ತೀಕ್ಷ್ಣತೆಯನ್ನು. ದಣಿವು ಮೊದಲು ಕೈಯಿಡುವುದು ನೋಟದ ನಡೆಯ ಮೇಲೆ, ಅಂಚಿನ ಗಮನದ ಮೇಲೆ. ಕಣ್ಣಿನ ಚಲನೆ ಅಳೆಯುವ ಉಪಕರಣಗಳು ಈಗ ಮುಂಚಿನಷ್ಟು ದುಬಾರಿಯಾಗಿ ಉಳಿದಿಲ್ಲ. ಕ್ರೀಡಾ ಸಂಸ್ಥೆಗಳು, ವಾಹನ ಚಾಲಕರ ತರಬೇತಿ ಕೇಂದ್ರಗಳು, ಅಗ್ನಿಶಾಮಕ ಮತ್ತು ಪೊಲೀಸ್ ಪಡೆಗಳು ತಮ್ಮ ಜನರ ನೋಟವನ್ನು ದಣಿದ ಸ್ಥಿತಿಯಲ್ಲೂ ಒಮ್ಮೆ ಅಳೆದು ನೋಡಬೇಕು. ಕೆಲಸ ನಡೆಯುವುದು ಏದುಸಿರಿನಲ್ಲಿ ಎಂದಾದರೆ ಕಣ್ಣಿನ ಪರೀಕ್ಷೆಯೂ ಏದುಸಿರಿನಲ್ಲೇ ಆಗಲಿ.